ಎಡಗಡೆಯಿಂದ ಬರುತ್ತಿದ್ದ ಬಣ್ಣಗಳು

ಯಾರ ಮನೆಗೆ ಹೋದರೂ ಗೆರೆಯಕ್ಕ ಚಹಾ ಕುಡಿಯುವ ಮೊದಲು ಬಸಿಯನ್ನು ಒಮ್ಮೆ ತಿರುಗಿಸಿ ಅಂಚು ನೋಡುತ್ತಾಳೆ. ಕೊಟ್ಟವರು ಕೊಳೆ ಉಳಿದಿದೆಯೇನೋ ಎಂದು ಗಾಬರಿಯಾಗುವುದುಂಟು. ಅವಳು ನೋಡುವುದು ಗೆರೆಯನ್ನು. ಅಚ್ಚು ಒತ್ತಿದ್ದೋ ಕೈಯಲ್ಲಿ ಎಳೆದದ್ದೋ ಎಂದು ಅವಳಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಕೈಯಲ್ಲಿ ಎಳೆದದ್ದಾದರೆ ಕುಂಚ ಎತ್ತಿದ ಜಾಗದಲ್ಲಿ ಕೂದಲೆಳೆಯಷ್ಟು ದಪ್ಪ ಉಳಿದಿರುತ್ತದೆ. ಈಗಿನ ಬಸಿಗಳಲ್ಲಿ ಆ ದಪ್ಪ ಎಲ್ಲೂ ಸಿಗುವುದಿಲ್ಲ. ಬಸಿಯನ್ನು ಮತ್ತೆ ಕಪ್ಪಿನ ಕೆಳಗಿಟ್ಟು ಚಹಾ ಕುಡಿಯುತ್ತಾಳೆ.

ಗೆರೆಯಕ್ಕ ಎಂಬ ಹೆಸರು ಅವಳಿಗೆ ಅಂಟಿಕೊಂಡದ್ದು ಪಿಂಗಾಣಿ ಕಾರ್ಖಾನೆಯ ಬಣ್ಣದ ಹಾಲ್‌ನಲ್ಲಿ. ಕಪ್ಪು, ಬಸಿ, ತಟ್ಟೆ, ಹೂಜಿಗಳಿಗೆ ಬಣ್ಣ ಹಾಕುವ ಕೆಲಸ ಅಲ್ಲಿ ಹೆಂಗಸರದು. ಮೇಲಿನ ಮಹಡಿ, ಒಂದು ಗೋಡೆಯ ಉದ್ದಕ್ಕೂ ಎತ್ತರದ ಕಿಟಕಿಗಳು, ಕೈಯ ನೆರಳು ಕೆಲಸದ ಮೇಲೆ ಬೀಳಬಾರದೆಂದು ಎಲ್ಲರೂ ಬೆಳಕು ಪಕ್ಕದಿಂದ ಬೀಳುವಂತೆ ಕೂರುತ್ತಿದ್ದರು. ಟರ್ಪಂಟೈನ್ ವಾಸನೆ ಕೂದಲಿಗೆ, ಬಟ್ಟೆಗೆ, ಊಟದ ಡಬ್ಬಿಗೆ ಕೂಡ ಹತ್ತಿಕೊಂಡಿರುತ್ತಿತ್ತು. ಒಬ್ಬಳು ಎಲೆ ಬರೆದರೆ ಇನ್ನೊಬ್ಬಳು ಮೊಗ್ಗು ಬರೆಯುವಳು. ಬಾಯಿ ಮಾತ್ರ ಯಾರದೂ ಸುಮ್ಮನಿರುತ್ತಿರಲಿಲ್ಲ. ಎಲ್ಲರ ಮನೆಯ ಸುದ್ದಿಯೂ ಆ ಹಾಲ್‌ನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೈಯಿಂದ ಕೈಗೆ ದಾಟುತ್ತಿತ್ತು.

ಅವರ ನಡುವೆ ಹಿರಿಯಳು ಗುಲಾಬಿಯಮ್ಮ. ಕೆಲಸಕ್ಕೆ ಸೇರಿದ ದಿನದಿಂದ ಅವಳು ಗುಲಾಬಿ ಬಿಟ್ಟು ಬೇರೇನೂ ಬರೆದವಳಲ್ಲ. ಟರ್ಪಂಟೈನ್ ಕುಡಿದು ಕುಡಿದು ಅವಳ ಮೂಗು ಕೆಲಸ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ನಿಜವಾದ ಗುಲಾಬಿ ತಂದುಕೊಟ್ಟರೆ ಮೂಗಿಗೆ ಹಿಡಿಯದೆ ಕಣ್ಣಿನ ಹತ್ತಿರ ಹಿಡಿದು, ಎಸಳು ಜಾಸ್ತಿಯಾಯಿತು ಎಂದು ತಪ್ಪು ಹುಡುಕುತ್ತಿದ್ದಳು.

ಗೆರೆಯಕ್ಕನ ಪಾಲಿಗೆ ಬಂದದ್ದು ಅಂಚಿನ ಚಿನ್ನದ ಗೆರೆ. ಕಂಬದ ಮೇಲೆ ತಿರುಗುವ ಒಂದು ಕಬ್ಬಿಣದ ಮಣೆ. ತಟ್ಟೆಯನ್ನು ಅದರ ನಡುಮಧ್ಯಕ್ಕೆ ಬೆರಳಲ್ಲಿ ತಟ್ಟಿ ತಟ್ಟಿ ಕೂರಿಸಿ, ಎಡಗೈಯಿಂದ ಮಣೆ ತಿರುವಿ, ಬಲಗೈಯ ಕುಂಚವನ್ನು ಅಂಚಿಗೆ ಮುಟ್ಟಿಸಿ ಉಸಿರು ಹಿಡಿಯಬೇಕು. ಕೈ ಕದಲಬಾರದು, ತಿರುಗುವ ತಟ್ಟೆ ತನ್ನ ಗೆರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಆ ಚಿನ್ನ ಬಾಟಲಿಯಲ್ಲಿರುವಾಗ ಕರಕಲಾದ ಸಕ್ಕರೆ ಪಾಕದ ಹಾಗೆ ಕಂದು ಬಣ್ಣಕ್ಕಿರುತ್ತದೆ. ಭಟ್ಟಿಯಲ್ಲಿ ಬೆಂದು ಹೊರಬಂದ ಮೇಲೆಯೇ ಅದು ಚಿನ್ನವಾಗುವುದು. ಹೊಸದರಲ್ಲಿ ಅವಳಿಗೆ ಅದನ್ನು ಎಷ್ಟು ಸಲ ನೋಡಿದರೂ ಸಾಕಾಗುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಕೆಳಗೆ ಭಟ್ಟಿಯ ಅಂಗಳಕ್ಕೆ ಇಳಿದು, ತಟ್ಟೆಗಳನ್ನು ಹೊರಗೆ ತೆಗೆಯುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಭಟ್ಟಿ ನೋಡಿಕೊಳ್ಳುವವನು ಮಾತು ಕಡಿಮೆಯ ಆಳು. ಉರಿಯ ಬಣ್ಣ ನೋಡಲು ಇಣುಕುಗಂಡಿಗೆ ಮುಖ ಒಡ್ಡಿ ಒಡ್ಡಿ ಅವನ ಹುಬ್ಬುಗಳು ಸುಟ್ಟುಹೋಗಿದ್ದವು. ಹಾಲ್‌ನ ಹೆಂಗಸರು ಅವನನ್ನು ಹುಬ್ಬಿಲ್ಲದವನು ಎಂದೇ ಕರೆಯುತ್ತಿದ್ದರು. ಅವಳು ಬಂದರೆ ಅವನು ಸುಮ್ಮನೆ ಒಂದು ತಟ್ಟೆ ಎತ್ತಿ ತೋರಿಸಿ, ಮತ್ತೆ ಕೆಲಸಕ್ಕೆ ತಿರುಗುತ್ತಿದ್ದ.

ಅವಳ ಕಣ್ಣಿಗೆ ಬರುತ್ತಿದ್ದ ಬಣ್ಣದ ಗುಂಡುಗಳ ಕಥೆ ಇದಕ್ಕೂ ಹಳೆಯದು. ಶಾಲೆಯಲ್ಲಿ ಮೇಷ್ಟ್ರು ಹಲಗೆಯ ಮೇಲೆ ಬರೆಯುತ್ತಿರುವಾಗ, ಇದ್ದಕ್ಕಿದ್ದಂತೆ ಅವಳ ನೋಟದ ಎಡ ಅಂಚಿನಲ್ಲಿ ಒಂದು ಬಣ್ಣದ ಗುಂಡು ಏಳುತ್ತಿತ್ತು. ಕೆಂಪು ಒಂದು, ಅದರ ಪಕ್ಕ ಹಳದಿ, ಹಿಂದೆ ನೀಲಿ. ನೋಡನೋಡುತ್ತ ಹಿಂಡಾಗಿ, ಒಂದನ್ನೊಂದು ತಳ್ಳಿಕೊಂಡು ನಡುವಿಗೆ ಬರುತ್ತಿದ್ದವು. ಸರಿಯಾಗಿ ನೋಡೋಣವೆಂದು ಕಣ್ಣು ತಿರುಗಿಸಿದರೆ ಅವೂ ಕಣ್ಣಿನ ಜೊತೆಗೇ ಎಡಕ್ಕೆ ಸರಿಯುತ್ತಿದ್ದವು. ಎಲ್ಲ ಮಕ್ಕಳಿಗೂ ಹೀಗೆ ಬರುತ್ತದೆ ಎಂದೇ ಅವಳು ತಿಳಿದಿದ್ದಳು. ಒಂದು ದಿನ ಪಕ್ಕದ ಹುಡುಗಿಯನ್ನು, ನಿನಗೆ ಯಾವ ಬಣ್ಣದ್ದು ಮೊದಲು ಬರುತ್ತೆ ಎಂದು ಕೇಳಿದಳು. ಆ ಹುಡುಗಿ ಬೆಂಚು ಬದಲಾಯಿಸಿದಳು.

ಸುದ್ದಿ ಮನೆಗೆ ಬಂತು. ತಾಯಿ ಕಣ್ಣಿನ ದೋಷವೆಂದು ಕನ್ನಡಕ ಹಾಕಿಸಿದಳು. ಕನ್ನಡಕದಿಂದ ಹಲಗೆ ಚೆನ್ನಾಗಿ ಕಂಡಿತು. ಗುಂಡುಗಳು ಮೊದಲು ಹೇಗಿದ್ದವೋ ಹಾಗೆಯೇ ಇದ್ದವು. ಅವು ಬಂದುಹೋದ ಮೇಲೆ ತಲೆ ಸಿಡಿಯುತ್ತಿತ್ತು, ವಾಂತಿಯಾಗುತ್ತಿತ್ತು. ಬೀದಿಯ ಕೊನೆಯ ಡಾಕ್ಟರು ಅರೆತಲೆನೋವು ಎಂದರು. ತಲೆನೋವು, ವಾಂತಿ ಎಂದಷ್ಟೇ ಹೇಳಿದವರಿಗೆ ಅವರು ಬೇರೇನು ಹೇಳಿಯಾರು? ಗುಂಡುಗಳ ವಿಷಯವನ್ನು ತಾಯಿ ಅವರ ಮುಂದೆ ಎತ್ತಲೇ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಮಗಳ ಕೈ ಬಿಗಿಯಾಗಿ ಹಿಡಿದು ಹೇಳಿದಳು:

"ಗುಂಡು ಗಿಂಡು ಅಂತ ಎಲ್ಲೂ ಬಾಯಿ ಬಿಡಬೇಡ. ತಲೆನೋವು ಅನ್ನು. ತಲೆನೋವು ಯಾರಿಗಿಲ್ಲ?"

ಹೀಗೆ ಅವಳು ಬಾಯಿಗೆ ಬೀಗ ಹಾಕಿಕೊಂಡೇ ದೊಡ್ಡವಳಾದಳು. ನಿಜ ಹೇಳಬೇಕೆಂದರೆ ತಲೆನೋವಿನ ಮೇಲೆ ಇದ್ದ ಸಿಟ್ಟು ಅವಳಿಗೆ ಗುಂಡುಗಳ ಮೇಲೆ ಇರಲಿಲ್ಲ. ಅವುಗಳಲ್ಲಿ ಒಂದು ಬಣ್ಣವಿತ್ತು, ನೇರಳೆಗೂ ಹಸಿರಿಗೂ ನಡುವಿನದು. ಕಾರ್ಖಾನೆಯ ಬಣ್ಣದ ಕಪಾಟನ್ನೆಲ್ಲ ಜಾಲಾಡಿದರೂ ಅವಳಿಗೆ ಅದು ಸಿಕ್ಕಿರಲಿಲ್ಲ. ಕೆಲಸದಲ್ಲಿರುವಾಗ ಗುಂಡು ಎದ್ದರೆ ಕುಂಚ ಕೆಳಗಿಟ್ಟು, ಮಣೆ ನಿಲ್ಲಿಸಿ, ಕನ್ನಡಕ ಒರೆಸುವವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ಅಷ್ಟರಲ್ಲಿ ಅವು ಆರಿಹೋಗುತ್ತಿದ್ದವು.

ಒಂದು ಮಧ್ಯಾಹ್ನ ಅವು ಆರಲಿಲ್ಲ. ದೊಡ್ಡ ಊಟದ ತಟ್ಟೆಗಳ ಕೆಲಸ ನಡೆದಿತ್ತು. ಎಂದಿನಂತೆ ಕುಂಚ ಕೆಳಗಿಟ್ಟಳು. ಗುಂಡುಗಳು ನೋಟದ ನಡುವನ್ನು ದಾಟಿ ತುಂಬಿಕೊಂಡವು. ಯಾರೋ ಗದ್ದ ಹಿಡಿದು ಎಳೆದ ಹಾಗೆ ಅವಳ ಕಣ್ಣು, ಆಮೇಲೆ ತಲೆ, ಎಡಕ್ಕೆ ಹೊರಳಿತು. ಅಲ್ಲಿಂದ ಮುಂದೆ ಅವಳಿಗೆ ನೆನಪಿಲ್ಲ.

ಮುಂದಿನದನ್ನು ಅವಳು ಬೇರೆಯವರ ಬಾಯಿಂದ ಕೇಳಿದ್ದು. ಒಂದು ವಿಚಿತ್ರ ಕೂಗು ಹೊರಟಿತಂತೆ. ಮೈ ಕೊರಡಿನಂತೆ ಸೆಟೆದು ಕೆಳಗೆ ಬಿದ್ದು, ಆಮೇಲೆ ಕೈಕಾಲು ಅದುರತೊಡಗಿತಂತೆ. ಒಬ್ಬಳು ನೀರು ಸುರಿದಳು, ಇಬ್ಬರು ಕಾಲು ಅದುಮಿ ಹಿಡಿದರು, ಇನ್ನೊಬ್ಬಳು ಚಹಾದ ಚಮಚ ತಂದು ಹಲ್ಲಿನ ನಡುವೆ ತುರುಕಿದಳು. ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದು. ಎಚ್ಚರವಾದಾಗ ನಾಲಿಗೆ ಕಚ್ಚಿಹೋಗಿತ್ತು, ಚಮಚದ ದೆಸೆಯಿಂದ ಮುಂದಿನ ಹಲ್ಲು ಮುಕ್ಕಾಗಿತ್ತು, ಮೈಯೆಲ್ಲ ಹೊಡೆಸಿಕೊಂಡ ಹಾಗೆ ನೋಯುತ್ತಿತ್ತು. ಬಟ್ಟೆ ಒದ್ದೆಯಾಗಿತ್ತು. ಗುಲಾಬಿಯಮ್ಮ ಗಂಡಸರನ್ನು ಕರೆಯುವ ಮೊದಲು ತನ್ನ ಬಣ್ಣದ ಮೇಲಂಗಿಯನ್ನು ಬಿಚ್ಚಿ ಅವಳಿಗೆ ಸೊಂಟದಿಂದ ಕೆಳಗೆ ಸುತ್ತಿದ್ದಳು. ಕಾರ್ಖಾನೆಯ ಆ ದಿನಗಳನ್ನು ನೆನೆದಾಗಲೆಲ್ಲ ಗೆರೆಯಕ್ಕನ ಕಣ್ಣಿಗೆ ಮೊದಲು ಕಟ್ಟುವುದು ಗುಲಾಬಿ ಬಣ್ಣದ ಕಲೆಗಳಿದ್ದ ಆ ಮೇಲಂಗಿ.

ಮ್ಯಾನೇಜರು ತನಗೆ ತೋಚಿದ ಕಾರಣ ಹೇಳಿದ. ದಿನವಿಡೀ ತಿರುಗುವ ಮಣೆ ನೋಡಿದರೆ ಯಾರಿಗೆ ತಾನೇ ತಲೆ ತಿರುಗದೇ ಇರುತ್ತದೆ ಎಂದು, ಅವಳನ್ನು ಕೆಳಗೆ ಪ್ಯಾಕಿಂಗ್‌ಗೆ ಹಾಕಿದ. ಅಲ್ಲಿ ಬಸಿಗಳ ನಡುವೆ ಹುಲ್ಲು ತುರುಕಿ ಪೆಟ್ಟಿಗೆ ತುಂಬುವುದು ಕೆಲಸ. ಚಾವಣಿಯ ಹಲಗೆಗಳ ಮೂಲಕ ಮೇಲಿನ ಹಾಲ್‌ನ ನಗು, ಮಣೆಗಳು ತಿರುಗುವ ಸದ್ದು ಕೇಳುತ್ತಿತ್ತು. ತನ್ನ ಮಣೆಯ ಮುಂದೆ ಬೇರೆ ಯಾರೋ ಕೂತಿದ್ದಾರೆ ಎಂಬುದು ಆ ಸದ್ದಿನಲ್ಲೇ ಅವಳಿಗೆ ತಿಳಿಯುತ್ತಿತ್ತು. ಮಣೆಯನ್ನು ತೀರಾ ಜೋರಾಗಿ ತಿರುವುತ್ತಿದ್ದರು.

ಗುಲಾಬಿಯಮ್ಮ ಸುಮ್ಮನೆ ಕೂರುವ ಜಾತಿಯವಳಲ್ಲ. ತಾಯಿ ಆಸ್ಪತ್ರೆಗೆ ಬೇಡವೆಂದು ಹಿಂದೇಟು ಹಾಕಿದಾಗ ತಾನೇ ರಜಾ ಹಾಕಿ ಅವಳನ್ನು ದೊಡ್ಡ ಆಸ್ಪತ್ರೆಯ ನರರೋಗದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಅರ್ಧ ನರೆತ ಕೂದಲಿನ, ನಿಧಾನ ಮಾತಿನ ಹೆಂಗಸು. ಮೇಜಿನ ಮೇಲೆ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. ಮೊದಲು ಏನಾಗುತ್ತದೆ ಎಂದು ಅವರು ಕೇಳಿದರು. ತಲೆನೋವು ಬರುತ್ತದೆ ಎಂದು ಇವಳು ರೂಢಿಯ ಉತ್ತರ ಕೊಟ್ಟಳು.

"ಅದಕ್ಕೂ ಮೊದಲು?"

ಅದುವರೆಗೆ ಯಾರೂ ಕೇಳದ ಪ್ರಶ್ನೆ. ಅವಳು ತಲೆ ತಗ್ಗಿಸಿದಳು. ಗುಲಾಬಿಯಮ್ಮ ಮೊಣಕೈಯಿಂದ ತಿವಿದಳು.

"ಗುಂಡುಗಳು ಬರ್ತವೆ ಡಾಕ್ಟ್ರೇ. ಬಣ್ಣದ್ದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. "ದುಂಡಗೇ ಇರ್ತವಾ? ಇಲ್ಲಾ ಅಂಕುಡೊಂಕಾದ ಗೆರೆ ಥರಾನಾ?"

"ಗೆರೆ ಆಗಿದ್ರೆ ನಾನು ಗುರುತು ಹಿಡೀತಿದ್ದೆ. ದುಂಡಗೇ."

"ಎಷ್ಟು ಹೊತ್ತು ಇರ್ತವೆ?"

"ಒಂದು ಬಸಿಗೆ ಗೆರೆ ಎಳೆಯೋ ಅಷ್ಟು ಹೊತ್ತು. ಒಂದೊಂದ್ಸಲ ತಟ್ಟೆಯಷ್ಟು."

ಡಾಕ್ಟರಮ್ಮ ಅದನ್ನು ಹಾಗೆಯೇ ಬರೆದುಕೊಂಡರು. ಸಾಧ್ಯವಾದರೆ ಕಂಡದ್ದನ್ನು ಬಣ್ಣದಲ್ಲಿ ಬರೆದು ತರಲು ಹೇಳಿ, ಅದೇ ದಿನ ಮಿದುಳಿನ ಮಿಡಿತ ಬರೆದುಕೊಳ್ಳುವ ಇಇಜಿ ಪರೀಕ್ಷೆ ಮಾಡಿಸಿದರು. ತಲೆಯ ತುಂಬ ಅಂಟು ಹಚ್ಚಿ ಸಣ್ಣ ಸಣ್ಣ ತಂತಿ ಕೂರಿಸಿದರು. ಕಣ್ಣಿನ ಮುಂದೆ ಒಂದು ದೀಪವನ್ನು ಪಟಪಟನೆ ಹೊತ್ತಿಸಿ ಆರಿಸಿದರು. ಯಂತ್ರದ ಪೆನ್ನುಗಳು ಉದ್ದನೆಯ ಕಾಗದದ ಮೇಲೆ ಸಾಲು ಸಾಲು ಗೆರೆ ಎಳೆಯುತ್ತ ಹೋದವು. ಎಲ್ಲ ಮುಗಿದು ತಲೆಯ ಅಂಟು ಒರೆಸಿಕೊಳ್ಳುವಾಗ ಅವಳು ಆ ಕಾಗದವನ್ನು ಕಸುಬಿನ ಕಣ್ಣಿನಿಂದ ನೋಡಿದಳು. ಎಲ್ಲ ಗೆರೆಗಳೂ ಅಲೆಯಲೆಯಾಗಿ ಹೋಗುತ್ತಿದ್ದವು. ಒಂದೆರಡರಲ್ಲಿ ಮಾತ್ರ ಅಲ್ಲಲ್ಲಿ ಮುಳ್ಳಿನಂಥ ಚೂಪುಗಳು. ಇದನ್ನು ಎಳೆದವರ ಕೈ ಸರಿಯಿಲ್ಲ ಎಂದಳು.

"ಎಳೆದಿದ್ದು ನೀವೇ," ಎಂದು ಡಾಕ್ಟರಮ್ಮ ನಕ್ಕರು.

ಮುಂದಿನ ಭೇಟಿಗೆ ಅವಳು ಒಂದು ಬಸಿಯ ಮೇಲೆ ಗುಂಡುಗಳನ್ನು ಬರೆದು ತಂದಳು. ಎಡ ಅಂಚಿನಲ್ಲಿ ಚಿಕ್ಕವು, ನಡುವಿಗೆ ಬರುತ್ತ ಹಿಂಡು. ಸಿಗದ ಆ ಬಣ್ಣದ ಜಾಗವನ್ನು ಖಾಲಿ ಬಿಟ್ಟಿದ್ದಳು. ಡಾಕ್ಟರಮ್ಮ ಬಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ವಿದ್ಯಾರ್ಥಿಗಳಿಗೆ ತೋರಿಸಲು ಬೇಕು, ಕೊಡುತ್ತೀರಾ ಎಂದು ಕೇಳಿ ಇಟ್ಟುಕೊಂಡರು. ಆಮೇಲೆ, ಹೊರಗೆ ಇನ್ನೂ ಜನ ಕಾಯುತ್ತಿದ್ದರೂ, ಕೂತು ಬಿಡಿಸಿ ಹೇಳಿದರು.

ಅರೆತಲೆನೋವಿನಲ್ಲಿ ಸಾಮಾನ್ಯವಾಗಿ ಕಾಣುವುದು ಅಂಕುಡೊಂಕಿನ ಗೆರೆ. ಅದು ನಿಧಾನವಾಗಿ, ಎಷ್ಟೋ ನಿಮಿಷ ಹರಡಿಕೊಳ್ಳುತ್ತ ಹೋಗುತ್ತದೆ. ದುಂಡಗಿನ ಬಣ್ಣದ ಗುಂಡುಗಳು, ಯಾವಾಗಲೂ ಒಂದೇ ಕಡೆಯಿಂದ, ಥಟ್ಟನೆ ಬಂದು ಥಟ್ಟನೆ ಹೋಗುವುದಾದರೆ ಅದು ಫಿಟ್ಸ್‌ನ ಮೊದಲ ಹೆಜ್ಜೆಯಾಗಿರುವುದೇ ಹೆಚ್ಚು. ಮಿದುಳಿನ ಹಿಂಭಾಗದಲ್ಲಿ, ತಲೆ ದಿಂಬಿಗೆ ಒರಗುವ ಕಡೆ, ನೋಡುವ ಕೆಲಸದ ಜಾಗವಿದೆ. ನಮ್ಮ ಎಡಗಡೆ ಇರುವುದನ್ನು ಅದರ ಬಲಭಾಗ ನೋಡುತ್ತದೆ. ಅವಳ ಕಾಗದದಲ್ಲಿ ಚೂಪುಗಳು ಬಂದದ್ದು ಸರಿಯಾಗಿ ಆ ಬಲಗಡೆಯ ತಂತಿಗಳಿಂದ.

ನಿಮ್ಮ ಹಾಲ್‌ನಲ್ಲಿ ಎಷ್ಟು ಜನ ಇದ್ದೀರಿ ಎಂದು ಡಾಕ್ಟರಮ್ಮ ಕೇಳಿದರು. ನಲವತ್ತರ ಮೇಲೆ ಎಂದಳು ಗುಲಾಬಿಯಮ್ಮ. ಎಲ್ಲರೂ ತಮ್ಮ ಪಾಡಿಗೆ ಮಾತಾಡುತ್ತಿದ್ದರೆ ಕೆಲಸ ನಡೆಯುತ್ತದೆ, ಯಾರು ಏನೆಂದರು ಎಂದೂ ತಿಳಿಯುತ್ತದೆ ಎಂದು ಡಾಕ್ಟರಮ್ಮ ಮುಂದುವರಿಸಿದರು. ಮಿದುಳಿನ ನರಕೋಶಗಳೂ ಹಾಗೆ ಸಣ್ಣ ವಿದ್ಯುತ್ತಿನಲ್ಲಿ ಒಂದಕ್ಕೊಂದು ಮಾತಾಡಿಕೊಂಡಿರುತ್ತವೆ. ಕೆಲವು ಕೋಶಗಳು ಪಕ್ಕದವನ್ನು ಹುರಿದುಂಬಿಸುತ್ತವೆ, ಕೆಲವು ಸುಮ್ಮನಿರಿ ಎಂದು ತಡೆಯುತ್ತವೆ. ಈ ತಡೆ ಒಂದು ಮೂಲೆಯಲ್ಲಿ ಸಡಿಲವಾದರೆ ಅಲ್ಲಿಯ ಕೋಶಗಳೆಲ್ಲ ಒಂದೇ ತಾಳಕ್ಕೆ, ಒಟ್ಟಿಗೆ ಕೂಗತೊಡಗುತ್ತವೆ. ಅದು ನೋಡುವ ಜಾಗವಾದ್ದರಿಂದ ಹೊರಗೆ ಏನೂ ಇಲ್ಲದೆ ಬಣ್ಣ ಕಾಣುತ್ತದೆ. ಗದ್ದಲ ಅಲ್ಲಿಗೇ ನಿಂತರೆ ಗುಂಡುಗಳಷ್ಟೇ. ಪಕ್ಕಕ್ಕೆ ಹರಡಿದರೆ ಕಣ್ಣು, ತಲೆ ಎಡಕ್ಕೆ ಹೊರಳುತ್ತದೆ. ಇಡೀ ಮಿದುಳಿಗೆ ಹಬ್ಬಿದರೆ ಎಚ್ಚರ ತಪ್ಪಿ ಮೈ ಅದುರುತ್ತದೆ. ಆಮೇಲೆ ಕೋಶಗಳು ದಣಿಯುತ್ತವೆ. ತಲೆನೋವು, ನಿದ್ದೆ, ಮಂಕು ಎಲ್ಲ ಆ ದಣಿವಿನದು.

ಗುಲಾಬಿಯಮ್ಮ ಗಂಭೀರವಾಗಿ ತಲೆಯಾಡಿಸಿದಳು. "ಅಂದ್ರೆ ನನ್ನಂಥವಳು ರಜಾ ಹಾಕಿದಾಗ ಹಾಲ್‌ನಲ್ಲಿ ಆಗೋದು ಅನ್ನಿ."

ಇದು ಹುಚ್ಚೇ ಎಂದು ಗೆರೆಯಕ್ಕ ಕೇಳಿದಳು. ಅಲ್ಲ ಎಂದರು ಡಾಕ್ಟರಮ್ಮ. ಅಂಟುತ್ತದೆಯೇ ಎಂದಳು. ಇಲ್ಲ. ತಿರುಗುವ ಮಣೆಯಿಂದ ಬಂತೇ? ಅದೂ ಇಲ್ಲ, ಕೆಲವರಿಗೆ ಮಿಣುಕುವ ಬೆಳಕು ಆಗಿಬರುವುದಿಲ್ಲ, ಅದಕ್ಕೇ ದೀಪ ಹೊತ್ತಿಸಿ ಆರಿಸಿ ನೋಡಿದ್ದು, ಅವಳ ಗೆರೆಗಳಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಹಾಗಾದರೆ ಯಾಕೆ ಬಂತು ಎಂದದ್ದಕ್ಕೆ, ಎಷ್ಟೋ ಜನರಲ್ಲಿ ಕಾರಣ ನಮಗೂ ತಿಳಿಯುವುದಿಲ್ಲ ಎಂದು ಡಾಕ್ಟರಮ್ಮ ಒಪ್ಪಿಕೊಂಡರು. ಆ ದಿನ ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಗೆರೆಯಕ್ಕನಿಗೆ ಅಳು ಬಂತು. ಬೇಸರಕ್ಕೆ ಬಂದ ಅಳುವಲ್ಲ ಅದು. ಅಷ್ಟು ವರ್ಷ ಒಬ್ಬಳೇ ನೋಡಿದ್ದಕ್ಕೆ ಒಂದು ಜಾಗವಿದೆ, ಒಂದು ಹೆಸರಿದೆ ಎಂದು ತಿಳಿದದ್ದೇ ಅವಳಿಗೆ ದೊಡ್ಡದಾಗಿತ್ತು.

ಡಾಕ್ಟರಮ್ಮನ ಮಾತು ಮುಂದಿಟ್ಟು ಮ್ಯಾನೇಜರನ ಬಾಯಿ ಮುಚ್ಚಿಸಿದ್ದು ಗುಲಾಬಿಯಮ್ಮನೇ. ಮಣೆಯ ಮೇಲೆ ತಪ್ಪು ಹೊರಿಸಲು ಬಾರದೆ ಅವನು ಗೆರೆಯಕ್ಕನನ್ನು ಹಾಲ್‌ಗೆ ವಾಪಸ್ಸು ಬಿಟ್ಟ. ಮರುದಿನ ಊಟದ ಬಿಡುವಿನಲ್ಲಿ ಗುಲಾಬಿಯಮ್ಮ ಎಲ್ಲರನ್ನೂ ಸುತ್ತ ನಿಲ್ಲಿಸಿ, ಆ ವಯಸ್ಸಿನಲ್ಲಿ ತಾನೇ ನೆಲದ ಮೇಲೆ ಉದ್ದಕ್ಕೆ ಮಲಗಿದಳು. ಮತ್ತೆ ಹಾಗೆ ಬಂದರೆ ಗೆರೆಯಕ್ಕನನ್ನು ಹೀಗೆ ಪಕ್ಕಕ್ಕೆ ಹೊರಳಿಸಬೇಕು, ತಲೆಯ ಕೆಳಗೆ ಮೆತ್ತಗಿನದು ಇಡಬೇಕು, ಕೈಕಾಲು ಅದುಮಬಾರದು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ಒಬ್ಬೊಬ್ಬರಿಂದಲೂ ತನ್ನನ್ನು ಹೊರಳಿಸಿಕೊಂಡಳು. ಚಮಚ ತುರುಕಿದವಳ ಸರದಿ ಬಂದಾಗ ಬಾಯಿ ಮುಚ್ಚಿಕೊಂಡು ಹಲ್ಲು ಬಿಗಿಹಿಡಿದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಆ ಚಮಚದವಳೂ ನಕ್ಕಳು. ತಟ್ಟೆಗಳ ಹಲಗೆ ಒಯ್ಯಲು ಬಂದಿದ್ದ ಹುಬ್ಬಿಲ್ಲದವನು ಬಾಗಿಲಲ್ಲಿ ನಿಂತು ಕೊನೆಯವರೆಗೆ ನೋಡಿದ.

ಡಾಕ್ಟರಮ್ಮ ಕೊಟ್ಟ ಮಾತ್ರೆಯಿಂದ ಗುಂಡುಗಳು ನಿಂತವು. ಆದರೆ ಕೈ ಸಣ್ಣಗೆ ನಡುಗತೊಡಗಿತು. ಬೇರೆ ಯಾರಿಗೂ ಕಾಣದಷ್ಟು ಸಣ್ಣ ನಡುಕ. ಚಿನ್ನದ ಗೆರೆಗೆ ಅಷ್ಟು ಸಾಕು. ಬೆಂದು ಬಂದ ತಟ್ಟೆಗಳ ಅಂಚಿನಲ್ಲಿ ಇಇಜಿ ಕಾಗದದಂಥ ಅಲೆಗಳು ಕಂಡಾಗ ಅವಳಿಗೆ ಊಟ ಸೇರಲಿಲ್ಲ. ಯಾರೂ ಬೈಯಲಿಲ್ಲ, ಭಟ್ಟಿಗೆ ಹೋಗುವ ಮೊದಲೇ ಕಣ್ಣಿಗೆ ಬಿದ್ದ ಕೆಟ್ಟ ತಟ್ಟೆಗಳನ್ನು ಗುಲಾಬಿಯಮ್ಮ ಸದ್ದಿಲ್ಲದೆ ಒರೆಸಿ ಮತ್ತೆ ಅವಳ ಮುಂದಿಡುತ್ತಿದ್ದಳು. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಯಾರಿಗೂ ಹೇಳದೆ ಮಾತ್ರೆಯನ್ನು ಅರ್ಧ ಮುರಿದು ನುಂಗತೊಡಗಿದಳು. ಕೆಲವು ದಿನಗಳಲ್ಲಿ ಕೈ ನಿಂತಿತು, ಗೆರೆ ಮೊದಲಿನಂತಾಯಿತು. ಗೆದ್ದೆ ಎಂದುಕೊಂಡಳು.

ಒಂದು ಬೆಳಿಗ್ಗೆ ಕಪ್ಪುಗಳ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಭಟ್ಟಿಗೆ ಇಳಿಯುವ ಮೆಟ್ಟಿಲಿನ ಮೇಲೆ ಇದ್ದಾಗ ಎಡಗಡೆ ಕೆಂಪು ಗುಂಡು ಎದ್ದಿತು. ಹಲಗೆ ಇಳಿಸಲು ಜಾಗವಿರಲಿಲ್ಲ.

ಕಣ್ಣು ಬಿಟ್ಟಾಗ ಅವಳು ಅಂಗಳದಲ್ಲಿ ಪಕ್ಕಕ್ಕೆ ಮಲಗಿದ್ದಳು. ತಲೆಯ ಕೆಳಗೆ ಮಡಿಸಿದ ಗಂಡಸಿನ ಅಂಗಿಯಿತ್ತು. ಸುತ್ತ ಬಿಳಿ ಚೂರುಗಳು ಹರಡಿದ್ದವು. ಅವಳ ಮುಖದ ಹತ್ತಿರದವನ್ನು ಮಾತ್ರ ಯಾರೋ ಆಗಲೇ ಗುಡಿಸಿ ದೂರ ಸರಿಸಿದ್ದರು. ಹುಬ್ಬಿಲ್ಲದ ಒಂದು ಮುಖ ಗಡಿಯಾರವನ್ನೂ ಅವಳನ್ನೂ ಸರದಿಯಂತೆ ನೋಡುತ್ತಿತ್ತು.

"ಕಪ್ಪುಗಳು?" ಎಂದಳು. ನಾಲಿಗೆ ತೊದಲುತ್ತಿತ್ತು.

"ಎಲ್ಲಾ ಹೋದವು. ನೀವು ಇದೀರಿ."

ಅವನೇ ಗುಲಾಬಿಯಮ್ಮನ ಜೊತೆ ಆಸ್ಪತ್ರೆಗೆ ಬಂದ. ಮಾತ್ರೆ ಮುರಿದದ್ದನ್ನು ಅವಳು ಬಾಯಿಬಿಟ್ಟು ಹೇಳಿದಾಗ ಡಾಕ್ಟರಮ್ಮ ರೇಗಲಿಲ್ಲ. ಕೈ ನಡುಗುತ್ತದೆಂದು ಬಂದು ಹೇಳಬೇಕಿತ್ತು ಎಂದರು. ಆಮೇಲೆ, ನಾನೂ ಕೇಳಬೇಕಿತ್ತು ಎಂದರು. ಪ್ರತಿ ನರಕೋಶದ ಗೋಡೆಯಲ್ಲೂ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಅವು ತೆರೆದಾಗ ಉಪ್ಪಿನ ಕಣಗಳು ಒಳನುಗ್ಗಿ ಕೋಶ ಮಿಡಿಯುತ್ತದೆ. ಮುಚ್ಚಿದ ಬಾಗಿಲು ಮತ್ತೆ ಬೇಗ ತೆರೆಯದಂತೆ ಮಾತ್ರೆ ಹಿಡಿದಿಡುತ್ತದೆ, ಅದರಿಂದ ಕೋಶಕ್ಕೆ ಬಿಡದೆ ಕೂಗಲು ಆಗುವುದಿಲ್ಲ. ಕೈಯನ್ನು ಹದವಾಗಿ ಹಿಡಿಯುವ ಕೋಶಗಳಿಗೂ ಅಂಥವೇ ಬಾಗಿಲು. ಮಾತ್ರೆ ಕೊಂಚ ಹೆಚ್ಚಾದರೆ ಅವೂ ತಡವರಿಸುತ್ತವೆ. ಹಾಗೆಂದು ತಟಕ್ಕನೆ ಕಡಿಮೆ ಮಾಡಿದರೆ ಇಷ್ಟು ದಿನ ತಡೆದಿಟ್ಟದ್ದೆಲ್ಲ ಒಮ್ಮೆಲೇ ನುಗ್ಗಬಹುದು. ಬೇರೆ ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ, ಇದನ್ನು ಸ್ವಲ್ಪ ಸ್ವಲ್ಪವೇ ಇಳಿಸೋಣ, ಕೆಲವು ವಾರ ತಾಳ್ಮೆ ಬೇಕು ಎಂದರು.

"ಭಟ್ಟೀನೂ ಹಾಗೇ," ಎಂದ ಹುಬ್ಬಿಲ್ಲದವನು. "ಅವಸರ ಮಾಡಿದ್ರೆ ಬಿರುಕು ಬಿಡುತ್ತೆ."

ಹೊಸ ಔಷಧಿ ಒಗ್ಗಿತು. ಗುಂಡುಗಳೂ ಬರಲಿಲ್ಲ, ಕೈಯೂ ನಡುಗಲಿಲ್ಲ. ಬಿಡುವಿನಲ್ಲಿ ಅವಳು ಅಂಗಳಕ್ಕೆ ಇಳಿಯುವುದು ಮತ್ತೆ ಶುರುವಾಯಿತು. ಈಗ ಅವನು ತಟ್ಟೆ ತೋರಿಸಿ ಬೆನ್ನು ತಿರುಗಿಸುತ್ತಿರಲಿಲ್ಲ. ಹಾಲ್‌ನ ಕಿಟಕಿಗಳಲ್ಲಿ ಮುಖಗಳು ಸಾಲುಗಟ್ಟುವುದು ಇಬ್ಬರಿಗೂ ಗೊತ್ತಿತ್ತು. ಅವನು ಮದುವೆಯ ಮಾತೆತ್ತಿದಾಗ ತಾಯಿ ಮಗಳನ್ನು ಒಳಗೆ ಕರೆದು, ಅವನಿಗೆ ಗೊತ್ತಿರುವುದು ಸಾಕು, ಅವನ ಮನೆಯವರ ಮುಂದೆ ಏನೂ ಆಡಬೇಡ ಎಂದಳು. ಗೆರೆಯಕ್ಕ ಅದಕ್ಕೆ ಸೊಪ್ಪು ಹಾಕಲಿಲ್ಲ. ಅಂಗಳದಲ್ಲಿ ನಿಂತು ಅವನಿಗೇ ಹೇಳಿದಳು.

"ನನಗೆ ಫಿಟ್ಸ್ ಇದೆ. ಮತ್ತೆ ಬರಬಹುದು. ನಿಮ್ಮ ಮನೇಲೂ ಹೇಳಿ."

"ಹೇಳಿದೀನಿ," ಎಂದ ಅವನು. "ನನಗೆ ಹುಬ್ಬಿಲ್ಲ. ನಿಮ್ಮ ಮನೇಲಿ ಹೇಳಿದೀರಾ?"

ಮದುವೆಯಾಯಿತು. ಮಗು ಬೇಕು ಎನ್ನಿಸಿದಾಗ ಮೊದಲೇ ಡಾಕ್ಟರಮ್ಮನನ್ನು ಕೇಳಿ, ಅವರು ಹೇಳಿದ ಹಾಗೆ ಔಷಧಿ ಹೊಂದಿಸಿಕೊಂಡಳು. ಮಗಳು ಹುಟ್ಟಿದಳು. ಮಗುವನ್ನು ನೋಡಲು ಬಂದ ಗುಲಾಬಿಯಮ್ಮ ಕೆನ್ನೆ ಮುಟ್ಟಿ, ಈ ಬಣ್ಣ ನನಗೆ ಇಷ್ಟು ವರ್ಷವಾದರೂ ಕೂಡಿಬರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಟ್ಟಳು.

ಒಳ್ಳೆಯ ವರ್ಷಗಳವು. ಈಗ ಅವಳಿಗೆ ನೆನಪಾಗುವುದು ದೊಡ್ಡ ಸಂಗತಿಗಳಲ್ಲ. ಮಳೆಗಾಲದಲ್ಲಿ ಬೆಳಕು ಮಂಕಾದಾಗ ಎಲ್ಲರೂ ಮಣೆಗಳನ್ನು ಎಳೆದುಕೊಂಡು ಕಿಟಕಿಗೆ ಒತ್ತಿಕೊಂಡು ಕೂರುತ್ತಿದ್ದುದು. ಕುಂಚದ ತುದಿಯನ್ನು ತುಟಿಗೆ ತಾಗಿಸಬಾರದೆಂದು ಗೊತ್ತಿದ್ದೂ ಎಲ್ಲರೂ ತಾಗಿಸಿ ಬೈಸಿಕೊಳ್ಳುತ್ತಿದ್ದುದು. ಸಂಜೆ ಮಣೆಗಳು ಒಂದೊಂದಾಗಿ ನಿಂತು, ಕೊನೆಯದೂ ನಿಂತಾಗ ಹಾಲ್ ಇದ್ದಕ್ಕಿದ್ದಂತೆ ಅಷ್ಟು ದೊಡ್ಡದಾಗಿ ಕಾಣುತ್ತಿದ್ದುದು. ಆಮೇಲೆ ಅಂಟಿಸುವ ಅಚ್ಚುಗಳು ಬಂದವು. ಹೂವೂ ಗೆರೆಯೂ ಹಾಳೆಯ ಮೇಲೆ ಸಿದ್ಧವಾಗಿ ಬರತೊಡಗಿದವು. ಎಲೆಯವರು ಹೋದರು, ಮೊಗ್ಗಿನವರು ಹೋದರು. ಗುಲಾಬಿಯಮ್ಮ ಕೆಲಸದಲ್ಲಿರುವಾಗಲೇ ಕಾಯಿಲೆ ಬಿದ್ದು ತೀರಿಕೊಂಡಳು. ಒಂದು ದಿನ ಭಟ್ಟಿಯೂ ಆರಿತು. ಗಂಡ ಮೊದಲು ಕೆಲವು ತಿಂಗಳು ಏನು ಮಾಡಲೂ ತೋಚದೆ ಮನೆಯ ಒಲೆಯನ್ನೇ ಬಗ್ಗಿ ಬಗ್ಗಿ ನೋಡುತ್ತಿದ್ದ. ಅವನ ಹುಬ್ಬು ಬೆಳೆಯಿತು. ಬೆಳೆದ ಹುಬ್ಬಿನಲ್ಲಿ ಅವನು ಅವಳಿಗೆ ಯಾರೋ ನೆಂಟನ ಹಾಗೆ ಕಾಣುತ್ತಿದ್ದ.

ಮಗಳಿಗೆ ಮದುವೆಯಾದ ಮೇಲಿನ ಮಾತು. ಡಾಕ್ಟರಮ್ಮನ ಕುರ್ಚಿಯಲ್ಲಿ ಈಗ ಕಿರಿಯ ವಯಸ್ಸಿನ ಡಾಕ್ಟರೊಬ್ಬರು ಕೂತಿದ್ದರು. ಇಷ್ಟು ವರ್ಷ ಒಂದೂ ಫಿಟ್ಸ್ ಬಂದಿಲ್ಲ, ಹೊಸ ಇಇಜಿಯಲ್ಲೂ ಚೂಪುಗಳಿಲ್ಲ. ಬೇಕಿದ್ದರೆ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನೋಡಬಹುದು ಎಂದರು. ಕೆಲವರಿಗೆ ಮತ್ತೆ ಬರುತ್ತದೆ, ಬರುವುದೇ ಇಲ್ಲವೆಂದು ನಾನು ಮಾತು ಕೊಡಲಾರೆ ಎಂಬುದನ್ನೂ ಹೇಳಿದರು. ಅವಳು ಗಂಡನ ಮುಖ ನೋಡಿದಳು.

"ನಿನ್ನ ತಲೆ, ನಿನ್ನ ತೀರ್ಮಾನ," ಎಂದ ಅವನು. "ಬಚ್ಚಲಿನ ಚಿಲಕ ಮಾತ್ರ ಹಾಕ್ಬೇಡ."

ಡಾಕ್ಟರು ಹೇಳಿದ ಪ್ರಮಾಣದಲ್ಲಿ ತಿಂಗಳು ತಿಂಗಳು ಮಾತ್ರೆ ಚಿಕ್ಕದಾಗುತ್ತ ಹೋಯಿತು. ಆ ತಿಂಗಳುಗಳಲ್ಲಿ ಅವಳು ಒಲೆಯ ಹಿಂದಿನ ಬದಿಯಲ್ಲಿ ಪಾತ್ರೆ ಇಟ್ಟು ಅಡುಗೆ ಮಾಡಿದಳು, ಸ್ಟೂಲು ಹತ್ತಲಿಲ್ಲ, ರಸ್ತೆ ದಾಟುವಾಗ ಗಂಡನ ತೋಳು ಹಿಡಿದಳು. ಹೆದರಿಕೆ ಇದ್ದೇ ಇತ್ತು. ಆದರೆ ಹೆದರಿಕೆಯ ಜೊತೆಗೆ ಇನ್ನೊಂದೂ ಇತ್ತು, ಅದನ್ನು ಅವಳು ಮಗಳಿಗೂ ಹೇಳಲಿಲ್ಲ. ಕಿಟಕಿಯ ಹತ್ತಿರ ಕೂತಾಗ ಎಡಗಡೆ ಒಂದು ಹಕ್ಕಿ ಹಾರಿದರೂ, ಎದುರು ಮನೆಯ ಬಟ್ಟೆ ಗಾಳಿಗೆ ಆಡಿದರೂ ಎದೆ ಹಾರುತ್ತಿತ್ತು. ಬಂತೇನೋ ಎಂದು ಉಸಿರು ಹಿಡಿದು ಕಾಯುತ್ತಿದ್ದಳು. ನೇರಳೆಯೂ ಅಲ್ಲದ ಹಸಿರೂ ಅಲ್ಲದ ಆ ಬಣ್ಣ ಹೇಗಿತ್ತು ಎಂಬುದು ಅವಳಿಗೆ ಮರೆತುಹೋಗಿತ್ತು. ಅದಿತ್ತು ಎಂಬುದಷ್ಟೇ ನೆನಪಿತ್ತು.

ಕೊನೆಯ ಮಾತ್ರೆ ಮುಗಿಯಿತು. ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಏನೂ ಬರಲಿಲ್ಲ. ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಅವಳು ಗಂಡನಿಗೆ ಅದನ್ನು ಹೇಳಿಯೇಬಿಟ್ಟಳು.

"ಒಂದೇ ಒಂದು ಸಲ, ಸುಮ್ನೆ ಬಣ್ಣ ಮಾತ್ರ, ಬಂದು ಹೋಗಿದ್ರೆ ಚೆನ್ನಾಗಿತ್ತು ಅನಿಸುತ್ತೆ ರೀ."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿ ಇನ್ನೊಂದನ್ನು ಎತ್ತಿಕೊಂಡ.

"ಒಂಟಿಯಾಗಿ ಬರೋ ಪೈಕಿ ಅಲ್ಲ ಅದು," ಎಂದ. "ಬಂದ್ರೆ ಪರಿವಾರ ಸಮೇತ ಬರುತ್ತೆ. ಅಷ್ಟು ಜನಕ್ಕೆ ನಮ್ಮ ಹತ್ರ ಜಾಗ ಎಲ್ಲಿದೆ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಹೊರಗೆ ಹನಿ ಶುರುವಾಗಿತ್ತು. ಮಹಡಿಯ ಮೇಲೆ ಒಣಗಿಹಾಕಿದ ಬಟ್ಟೆ ತರಲು ಇಬ್ಬರೂ ಎದ್ದರು.